ಹೆಬ್ಬೆರಳಗಲದ ಸಾಕ್ಷಿ

ಫೆಬ್ರವರಿ 3

ಅಪ್ಪನಿಗೆ,

ಪತ್ರವನ್ನು ‘ತೀರ್ಥರೂಪರಾದ’ ಎಂದು ಆರಂಭಿಸಬೇಕೆಂದು ಅಮ್ಮ ಕಲಿಸಿದ್ದರು. ಎರಡು ಸಲ ಹಾಗೆ ಬರೆದು ಎರಡು ಸಲವೂ ಹಾಳೆ ಹರಿದೆ, ಕೈ ಬರಲಿಲ್ಲ. ಆರು ವರ್ಷಗಳ ಮೇಲೆ ಬರೆಯುತ್ತಿರುವ ಪತ್ರ ಒಂದು ಕಾರಿನ ವಿಚಾರವಾಗಿ ಎಂಬುದು ನನಗೂ ವಿಚಿತ್ರವಾಗಿಯೇ ಕಾಣುತ್ತದೆ. ಬೇರೆ ವಿಚಾರವಾಗಿದ್ದರೆ ಬಹುಶಃ ಬರೆಯುತ್ತಿರಲಿಲ್ಲ.

ನಾನೀಗ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ದಾದಿ. ಗಾಯ ಕಟ್ಟುವುದು, ಚುಚ್ಚುಮದ್ದು ಕೊಡುವುದು, ಹಾಸಿಗೆ ಹಿಡಿದವರನ್ನು ಮಗ್ಗುಲು ಹೊರಳಿಸುವುದು. ದಿನಕ್ಕೆ ಹತ್ತು ಹನ್ನೆರಡು ಮನೆಗಳಾಗುತ್ತವೆ. ಬಸ್ಸನ್ನು ನೆಚ್ಚಿಕೊಂಡರೆ ಆರು. ಆದ್ದರಿಂದ ಡಿಸೆಂಬರ್ ಕೊನೆಯಲ್ಲಿ ಒಂದು ಹಳೆಯ ಕಾರು ಕೊಂಡೆ. ಮಾರಿದವನು ಡ್ಯಾಶ್‌ಬೋರ್ಡಿನ ಖಾನೆಯಿಂದ ನೀವು ಕೆಲಸ ಮಾಡುವ ಹಳೆಯ ಕಾರುಗಳ ಯಾರ್ಡಿನ ತಪಾಸಣಾ ಪತ್ರ ತೆಗೆದು ತೋರಿಸಿದ. ‘ಹೊರಮೈ ಪರಿಶೀಲಿಸಲಾಗಿದೆ, ದೋಷವಿಲ್ಲ’ ಎಂದು ಅಚ್ಚಾಗಿತ್ತು. ಕೆಳಗೆ ನಿಮ್ಮ ಸಹಿಯಿತ್ತು: ಕೊನೆಯ ಅಕ್ಷರದ ಬಾಲ ಎಳೆದು, ಅದರಡಿ ಎರಡು ಚುಕ್ಕೆ. ಮೆಕ್ಯಾನಿಕ್ಕನಿಗೆ ತೋರಿಸಬೇಕೆಂದಿದ್ದವಳು ತೋರಿಸಲಿಲ್ಲ. ನಿಮ್ಮ ಮೇಲೆ ನನಗೆ ಎಷ್ಟು ಕೋಪವಿದ್ದರೂ ನಿಮ್ಮ ಕೆಲಸದ ಮೇಲೆ ಎಂದೂ ಅನುಮಾನವಿರಲಿಲ್ಲ.

ಕೊಂಡ ದಿನ ಬಂಪರು, ಬಾಗಿಲಿನ ಪಟ್ಟಿ, ಚಕ್ರಗಳ ಮೇಲಿನ ಕಮಾನು, ಎಲ್ಲ ಕರಿ ಪ್ಲಾಸ್ಟಿಕ್ಕೂ ಹೊಸ ಬೂಟಿನಂತೆ ಹೊಳೆಯುತ್ತಿತ್ತು. ನಾಲ್ಕು ಸಲ ತೊಳೆದೆ. ಬೂದಿಯ ಬಣ್ಣಕ್ಕೆ ತಿರುಗಿದೆ. ಅದನ್ನು ಸರಿಯಾಗಿ ಕಪ್ಪಾಗಿಸುವುದು ಹೇಗೆಂದು ತಿಳಿಸಬೇಕು.

ಇನ್ನೊಂದು ಮಾತು. ಮುಂದಿನ ಬಂಪರಿನ ಬಲಗಡೆಯ ಸಂದಿಯಲ್ಲಿ ನನ್ನ ಕಿರುಬೆರಳು ಹಿಡಿಸುತ್ತದೆ. ಎಡಗಡೆ ಉಗುರೂ ಹಿಡಿಸುವುದಿಲ್ಲ. ಏಕೆ?

ನನ್ನ ಫೋನ್ ಸಂಖ್ಯೆ ಕೊಡುತ್ತಿಲ್ಲ. ಅಂದು ಫೋನಿನಲ್ಲಿ ಕೇಳಿದ ಮಾತುಗಳೇ ಸಾಕಾಗಿವೆ. ಬರೆದು ತಿಳಿಸಿ, ಬರೆದದ್ದು ಉಳಿಯುತ್ತದೆ.

ನಿಮ್ಮ ಮಗಳು


ಫೆಬ್ರವರಿ 12

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು. ನಿನ್ನ ಪತ್ರವನ್ನು ಶೆಡ್ಡಿನಲ್ಲಿ ನಿಂತೇ ಓದಿದೆ. ನಮ್ಮ ಟಿಂಕರ್, ಎಂದರೆ ನೆಗ್ಗಿದ ತಗಡು ಬಡಿದು ನೇರ ಮಾಡುವವನು, “ಏನ್ ಮಸಿಯಪ್ಪ, ಕಣ್ಣಿಗೆ ಸ್ಪಿರಿಟ್ ಬಿತ್ತಾ?” ಎಂದ. “ಹೂಂ” ಎಂದೆ. ಈ ಯಾರ್ಡಿನಲ್ಲಿ ನನ್ನನ್ನು ಎಲ್ಲರೂ ಮಸಿಯಪ್ಪ ಎಂದೇ ಕರೆಯುತ್ತಾರೆ. ನನ್ನ ಕೈ ತೊಳೆದ ನೀರಿನಲ್ಲಿ ಅವನ ನರೆಗೂದಲು ಕಪ್ಪಾಗಿಸಬಹುದಂತೆ.

ನೀನು ಕಂಡ ಹೊಳಪು ಎಣ್ಣೆಯದು. ನಾಳೆ ಮಾರಾಟವಿರುವ ಕಾರಿಗೆ ಇವತ್ತು ಸಂಜೆ ಬಳಿಯುವ ಮೆರುಗು. ಅರ್ಧ ಗಂಟೆಯ ಕೆಲಸ. ಮೂರು ನಾಲ್ಕು ಸಲ ತೊಳೆದರೆ ಹೋಗುತ್ತದೆ. ಆಮೇಲೆ ದೂಳನ್ನು ಕರೆದು ಕೂರಿಸಿಕೊಂಡು ಮೊದಲಿಗಿಂತ ಹೆಚ್ಚು ಬಿಳಿಚಿಕೊಳ್ಳುತ್ತದೆ. ಅದನ್ನು ನಾನು ಕೆಲಸವೆಂದು ಕರೆಯುವುದಿಲ್ಲ. ಯಜಮಾನರು ಕರೆಯುತ್ತಾರೆ.

ನಿಜವಾದ ಕ್ರಮವನ್ನು ಬರೆಯುತ್ತೇನೆ. ಇದ್ದಂತೆಯೇ ಪಾಲಿಸು. ಕಾರನ್ನು ನೆರಳಿನಲ್ಲಿ ನಿಲ್ಲಿಸು. ಪ್ಲಾಸ್ಟಿಕ್ ಮುಟ್ಟಿದರೆ ತಣ್ಣಗಿರಬೇಕು. ಸೋಪಿನ ನೀರು, ಹಲ್ಲುಜ್ಜುವ ಹಳೆಯ ಬ್ರಷ್ಷು. ಆ ಪ್ಲಾಸ್ಟಿಕ್ಕಿನ ಮೈ ನುಣುಪಲ್ಲ, ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿ. ಒಂದೊಂದು ಗುಳಿಯಲ್ಲೂ ಹಳೆಯ ಎಣ್ಣೆ ಕೂತಿರುತ್ತದೆ. ಉಜ್ಜಿದ ನೊರೆ ಬೆಳ್ಳಗೆ ಬರುವವರೆಗೂ ಬಿಡಬೇಡ. ಪೂರ್ತಿ ಒಣಗಿದ ಮೇಲೆ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸು. ಬಣ್ಣದ ತಗಡಿನ ಅಂಚಿಗೆ ಕಾಗದದ ಟೇಪು ಅಂಟಿಸು. ಆಮೇಲೆ ಪ್ಲಾಸ್ಟಿಕ್ಕಿಗೆಂದೇ ಬರುವ ಕರಿ ಬಣ್ಣವನ್ನು ಸ್ಪಂಜಿನಲ್ಲಿ ತೆಳ್ಳಗೆ ಎರಡು ಸಲ ಹಿಡಿಸು. ಒಂದು ದಿನ ನೀರು ಸೋಕಿಸಬೇಡ. ಬಿಸಿಗಾಳಿಯ ಗನ್ ಹಿಡಿದರೆ ಕ್ಷಣದಲ್ಲಿ ಕಪ್ಪಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡ. ಆಗುವುದು ನಿಜ. ಪ್ಲಾಸ್ಟಿಕ್ಕು ತನ್ನೊಳಗಿನ ಜಿಡ್ಡನ್ನೇ ಮೇಲಕ್ಕೆ ತಂದು ಕೊಡುತ್ತದೆ. ಹಾಗೆ ಎರಡು ಮೂರು ಸಲ ಕೊಟ್ಟೀತು, ಆಮೇಲೆ ಕೊಡಲು ಏನೂ ಇರುವುದಿಲ್ಲ, ಸೀಳುತ್ತದೆ.

ಕೊನೆಯದಾಗಿ, ಯಾರಿಗೂ ಕಾಣದ ಮೂಲೆಯಲ್ಲಿ ಹೆಬ್ಬೆರಳಗಲ ಜಾಗವನ್ನು ಮುಟ್ಟದೆ ಬಿಡು. ಅದನ್ನು ನಾವು ಸಾಕ್ಷಿ ಎನ್ನುತ್ತೇವೆ. ಮುಂದೆ ಕೆಲಸ ಮಾಡುವವನಿಗೆ ಇದರ ಮೂಲ ಬಣ್ಣ ಏನಿತ್ತೆಂದು ಗೊತ್ತಾಗಬೇಕು. ಎಣ್ಣೆ ಬಳಿದ ಕಾರಿಗೂ ನಾನು ಸಾಕ್ಷಿ ಬಿಡುತ್ತೇನೆ. ನಿನ್ನ ಕಾರಿನ ಹಿಂದಿನ ನಂಬರ್ ಫಲಕದ ಹಿಂದೆ ನೋಡು.

ಕಾರು ಯಾವ ಬಣ್ಣದ್ದು? ನಂಬರಿನ ಕೊನೆಯ ಎರಡು ಅಂಕಿ ಯಾವುವು?

ನಿನ್ನ ಕುಶಲವನ್ನು ನೀನು ಬರೆದಿಲ್ಲ. ಕೇಳಬಹುದೇ ಎಂದು ತಿಳಿಯದೆ ನಾನೂ ಕೇಳಿಲ್ಲ.

ಅಪ್ಪ


ಫೆಬ್ರವರಿ 22

ಅಪ್ಪನಿಗೆ,

ಕಾರು ನೀಲಿ. ಕೊನೆಯ ಅಂಕಿಗಳು ನಾಲ್ಕು, ಒಂದು. ಸಾಕ್ಷಿ ನೀವು ಹೇಳಿದಲ್ಲೇ ಸಿಕ್ಕಿತು, ಬೂದಿಗಿಂತ ಬೂದಿ.

ಎರಡು ದಿನ ನೀವು ಬರೆದಂತೆಯೇ ಮಾಡಿದೆ. ಹಿಂಭಾಗ, ಎರಡೂ ಬದಿಯ ಬಾಗಿಲುಗಳು ಮುಗಿದಿವೆ. ನೊರೆ ಬೆಳ್ಳಗಾಗಲು ಒಂಬತ್ತು ಬಕೆಟ್ ನೀರು ಹಿಡಿಯಿತು. ಜೊತೆಗೆ ಒಬ್ಬಳಿದ್ದಳು. ಈವರೆಗೆ ನಿಮಗೆ ತಿಳಿಸಿಲ್ಲ; ನನಗೆ ಐದು ವರ್ಷದ ಮಗಳಿದ್ದಾಳೆ. ಅವಳ ತಂದೆ ನಮ್ಮೊಂದಿಗಿಲ್ಲ, ಆ ಕಥೆ ಬೇಡ. ಕಾರಿಗೆ ಅವಳು ‘ಬೂದಿಮೂತಿ’ ಎಂದು ಹೆಸರಿಟ್ಟಿದ್ದಾಳೆ. “ಬೂದಿಮೂತಿಗೆ ಮುಖ ತೊಳೆಸೋದು ನಾನು, ನೀನು ಬೆನ್ನು ತೊಳೆಸು” ಎಂದು ಕೆಲಸ ಹಂಚಿದಳು. ಒಂದು ಮೂಲೆಯನ್ನು ಬಳಿಯದೆ ಬಿಟ್ಟದ್ದಕ್ಕೆ ಕಾರಣ ಕೇಳಿದಾಗ, ತಾತ ಹಾಗೆ ಹೇಳಿದ್ದಾರೆ ಎಂದೆ. “ತಾತ ಯಾರು?” ಎಂದಳು. ಕಾರು ಕಪ್ಪು ಮಾಡುವವರು ಎಂದೆ. “ಒಳ್ಳೇವ್ರಾ?” ಎಂದು ಕೇಳಿದಳು. ಸೋಪು ತರಲು ಒಳಗೆ ಹೋದೆ.

ಮುಖ ತೊಳೆಯುವುದು ಅವಳ ಪಾಲಿಗೆ ಬಂದದ್ದರಿಂದಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. “ಅಮ್ಮಾ, ಮೂತಿ ಬೂದಿ ಆಗೇ ಇಲ್ಲ” ಎಂದಳು. ನಿಜ. ಬಣ್ಣ ಹಿಡಿಸುವ ಮೊದಲು, ಎಣ್ಣೆ ಪೂರ್ತಿ ಹೋದಾಗ ನೋಡಿದರೆ ಹಿಂಭಾಗ, ಬದಿ, ಕಮಾನು ಎಲ್ಲವೂ ಬೆಳ್ಳಗೆ ಬಿಳಿಚಿದ್ದವು. ಮುಂದಿನ ಬಂಪರು ಮಾತ್ರ ಇನ್ನೂ ಅಪ್ಪಟ ಕಪ್ಪು. ಒಂದೇ ಕಾರು, ಒಂದೇ ಬಿಸಿಲು. ಅದಕ್ಕೆ ಮಾತ್ರ ವಯಸ್ಸೇಕೆ ಕಡಿಮೆ?

ಬಲಗಡೆಯ ಸಂದಿಯ ಬಗ್ಗೆಯೂ ನೀವು ಏನೂ ಬರೆದಿಲ್ಲ. ಮರೆತಿರಬೇಕು ಎಂದುಕೊಂಡಿದ್ದೇನೆ.

ನಿಮ್ಮ ಮಗಳು


ಮಾರ್ಚ್ 3

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು, ಮೊಮ್ಮಗಳಿಗೂ. ಅವಳ ವಿಷಯ ಬರೆದ ಪುಟವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಜೇಬು ಮಸಿಯದೆಂದು ಪ್ಲಾಸ್ಟಿಕ್ ಹಾಳೆ ಸುತ್ತಿದ್ದೇನೆ.

ಇಲ್ಲಿ ಕೆಲಸ ಹೆಚ್ಚಾಗಿದೆ. ಹೋದ ತಿಂಗಳು ಮೂವತ್ತೆಂಟು ಕಾರುಗಳು ಬಂದಿವೆ. ಶೆಡ್ಡಿನಲ್ಲಿ ಜಾಗವಿಲ್ಲದೆ, ಮನೆ ಬಿಟ್ಟ ಮೇಲೆ ನಾನು ವಾಸವಿರುವ ಇಲ್ಲಿನ ಕೋಣೆಯ ಬಾಗಿಲಿಗೆ ಒತ್ತಿ ಒಂದನ್ನು ನಿಲ್ಲಿಸಿದ್ದಾರೆ. ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ, ಅಡ್ಡಡ್ಡ ನುಸುಳಿ ಹೊರಗೆ ಬರುತ್ತೇನೆ. ಕೋಣೆಗೆ ಇರುವ ಒಂದೇ ಕಿಟಕಿ ಶೆಡ್ಡಿನ ಒಳಕ್ಕೇ ತೆರೆದುಕೊಳ್ಳುವುದರಿಂದ ಹೊರಗೆ ಮೋಡವೋ ಬಿಸಿಲೋ ಎಂಬುದನ್ನು ಕಾರಿನ ಗಾಜು ನೋಡಿ ತಿಳಿಯಬೇಕು. ಗೇಟು ದಾಟಲು ಕಾವಲುಗಾರನಿಗೆ ಯಜಮಾನರ ಚೀಟಿ ತೋರಿಸಬೇಕು. ನನ್ನ ಗುರುತಿನ ಪತ್ರಗಳೂ ಯಜಮಾನರ ಬೀರುವಿನಲ್ಲಿವೆ, ಭದ್ರವಾಗಿರಲೆಂದು. ತಪಾಸಣಾ ಪತ್ರಗಳಿಗೆ ಸಹಿ ಹಾಕುವುದು ಪ್ರತಿ ಶನಿವಾರ. ಕಂತೆಯಾಗಿ ಬರುತ್ತವೆ. “ಮಸಿಯಪ್ಪನವರ ಸಹಿ ಇದ್ರೆ ಜನ ಬಾಯಿ ಮುಚ್ಕೊಂಡು ಕಾರ್ ತಗೋತಾರೆ” ಎಂದು ಯಜಮಾನರು ಎಲ್ಲರೆದುರು ಹೊಗಳುತ್ತಾರೆ. ಇಪ್ಪತ್ತಮೂರು ವರ್ಷಗಳಿಂದ ಹೊಗಳುತ್ತಿದ್ದಾರೆ.

ಚಕ್ರದ ಕಮಾನುಗಳನ್ನು ಹೇಗೆ ಮಾಡಬೇಕೆಂದು ಕೇಳಿದ್ದೆಯೋ ಇಲ್ಲವೋ ನೆನಪಿಲ್ಲ. ಚಕ್ರವನ್ನು ಪೂರ್ತಿ ತಿರುಗಿಸಿಟ್ಟುಕೊಂಡರೆ ಒಳ ಅಂಚಿಗೆ ಬ್ರಷ್ಷು ತಲುಪುತ್ತದೆ. ಕೆಸರು ಅಲ್ಲಿ ಗಟ್ಟಿಯಾಗಿರುತ್ತದೆ. ಚಾಕು ಬಳಸಬೇಡ, ಮರದ ಚೂರು ಬಳಸು.

ಮುಂಭಾಗ ಕಪ್ಪಾಗಿಯೇ ಇದ್ದರೆ ಅದನ್ನು ಮುಟ್ಟಬೇಕಾದ ಅಗತ್ಯವಿಲ್ಲ. ಅದು ಹಾಗೆಯೇ ಇರಲಿ.

ನಿಧಾನವಾಗಿ ಓಡಿಸು. ಹೆದ್ದಾರಿಗೆ ಹೋಗಬೇಡ, ಅಲ್ಲಿನ ರಸ್ತೆ ಚೆನ್ನಾಗಿಲ್ಲ. ಮಗುವನ್ನು ಮುಂದೆ ಕೂರಿಸಬೇಡ.

ಅಪ್ಪ


ಮಾರ್ಚ್ 12

ಅಪ್ಪ,

ನೀವು ನಮ್ಮ ಊರಿನ ಹೆದ್ದಾರಿಯನ್ನು ನೋಡಿಲ್ಲ. ರಸ್ತೆ ಚೆನ್ನಾಗಿಯೇ ಇದೆ. ನಾನು ರಸ್ತೆಯನ್ನು ಕೇಳಿರಲಿಲ್ಲ, ಕಮಾನನ್ನೂ ಕೇಳಿರಲಿಲ್ಲ.

ಎರಡು ಪ್ರಶ್ನೆ ಕೇಳುತ್ತೇನೆ. ಎರಡಕ್ಕೂ ಹೌದು ಅಥವಾ ಇಲ್ಲ ಎಂಬಷ್ಟೇ ಉತ್ತರ ಸಾಕು.

ಒಂದು. ಈ ಕಾರಿಗೆ ಮುಂದಿನಿಂದ ಏಟು ಬಿದ್ದಿತ್ತೇ? ದಿನಕ್ಕೆ ಅರವತ್ತು ಕಿಲೋಮೀಟರು ಓಡಿಸುತ್ತೇನೆ. ಅದರಲ್ಲಿ ಅರ್ಧ ದೂರ ಮಗು ಜೊತೆಗಿರುತ್ತಾಳೆ. ಇದನ್ನು ತಿಳಿಯುವ ಹಕ್ಕು ನನಗಿದೆ.

ಎರಡು. ಇದು ಆರು ವರ್ಷದ ಹಳೆಯ ಪ್ರಶ್ನೆ. ಅಮ್ಮ ಹೋದ ದಿನ ನಾನು ಬಸ್ಸಿನಲ್ಲಿದ್ದೆ, ತಲುಪುವಷ್ಟರಲ್ಲಿ ಮುಗಿದಿತ್ತು. ನೀವು ನಾಲ್ಕು ಬೀದಿಗಳಾಚೆ ಇದ್ದಿರಿ. ಪಕ್ಕದ ಮನೆಯವರು ಯಾರ್ಡಿಗೆ ಮೂರು ಸಲ ಫೋನು ಮಾಡಿದರು. ಬಸ್ಸಿನಿಂದ ನಾನೂ ಒಮ್ಮೆ ಮಾಡಿದೆ. “ಇನ್ನು ಎರಡು ಕಾರು ಇದೆ, ಮುಗಿಸಿ ಹೋಗ್ತೀನಿ” ಎಂದಿರಿ. ಸಂಜೆ ಕರಿ ಕೈಗಳಲ್ಲಿ ಬಂದು ಬಾಗಿಲಲ್ಲಿ ನಿಂತಿರಿ. ಅಮ್ಮ ಹೋಗುತ್ತಿದ್ದಾರೆಂದು ನಿಮಗೆ ಗೊತ್ತಿತ್ತೇ? ಯಜಮಾನರು ಬಿಡಲಿಲ್ಲ ಎಂದು ಎಲ್ಲರೂ ಹೇಳಿದರು. ನೀವು ಮಾತ್ರ ಏನೂ ಹೇಳಲಿಲ್ಲ.

ನಿಮ್ಮ ಮಗಳು


ಮಾರ್ಚ್ 20

ಪ್ರೀತಿಯ ಮಗಳಿಗೆ,

ಕ್ಷೇಮ. ನಿನ್ನ ಪತ್ರ ತಲುಪಿತು. ಕಾರಿಗೆ ಯಾವ ಏಟೂ ಬಿದ್ದಿಲ್ಲ. ಕಾರು ಚೆನ್ನಾಗಿದೆ. ಮುಂದಿನ ಬಂಪರಿನ ಪ್ಲಾಸ್ಟಿಕ್ಕು ಬೇರೆ ಜಾತಿಯದು. ಬಿಸಿಲಿಗೆ ಬೇಗ ಬಿಳಿಚುವುದಿಲ್ಲ. ಸಂದಿಯಲ್ಲಿ ಅಷ್ಟು ವ್ಯತ್ಯಾಸ ಎಲ್ಲ ಕಾರುಗಳಲ್ಲೂ ಇರುತ್ತದೆ. ನಿಶ್ಚಿಂತೆಯಿಂದ ಓಡಿಸಬಹುದು.

ಇನ್ನು ಮೇಲೆ ಕರಿ ಪಟ್ಟಿಗಳಿಗೆ ಎಣ್ಣೆಯನ್ನೇ ಹಚ್ಚು. ಉಜ್ಜುವ, ಸ್ಪಿರಿಟ್ಟಿನಲ್ಲಿ ಒರೆಸುವ ಅಗತ್ಯವಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿಯೇ ಹಚ್ಚು. ಸಾಕ್ಷಿಗೆಂದು ಬಿಟ್ಟ ಜಾಗಕ್ಕೂ ಬಳಿದುಬಿಡು.

ಅಪ್ಪ


ಮಾರ್ಚ್ 30

ತೀರ್ಥರೂಪರಾದ ಅಪ್ಪನವರಿಗೆ ಮಗಳ ನಮಸ್ಕಾರಗಳು.

ಈ ಸಲ ಹಾಳೆ ಹರಿಯಲಿಲ್ಲ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಏಟು ಬಿದ್ದಿಲ್ಲ ಎಂದು ನೀವು ಸಹಿ ಹಾಕಿ ಬರೆದ ಮೇಲೆ ನನಗೆ ಬೇರೆ ಪ್ರಮಾಣ ಬೇಕಿಲ್ಲ. ಒಂದು ತಿಂಗಳಿನಿಂದ ಬ್ರೇಕು ಒತ್ತಿದಾಗಲೆಲ್ಲ ಮುಂದಿನಿಂದ ಏನೋ ಸದ್ದು ಬಂದಂತಾಗಿ ಬೆವರುತ್ತಿದ್ದೆ. ಈಗ ಸದ್ದು ನಿಂತಿದೆ. ಅದು ನನ್ನ ತಲೆಯೊಳಗಿನದೇ ಇರಬೇಕು. ಎರಡನೆಯ ಪ್ರಶ್ನೆಗೆ ನೀವು ಉತ್ತರಿಸಿಲ್ಲ. ಉತ್ತರಿಸದಿರುವುದೇ ಉತ್ತರ ಎಂದು ತಿಳಿದು ಅದನ್ನು ಇಲ್ಲಿಗೆ ಬಿಡುತ್ತೇನೆ. ಒಂದರಲ್ಲಿ ನೀವು ನೇರವಾದಿರಿ, ಇನ್ನೊಂದರಲ್ಲಿ ನಾನು ಸಡಿಲವಾಗಬಹುದು.

ಎಣ್ಣೆ ಹಚ್ಚಿದೆ. ಮೊದಲು ನೀವು ಬೇಡವೆಂದದ್ದು ನೆನಪಾಯಿತು. ಪ್ಲಾಸ್ಟಿಕ್ಕಿನ ಸ್ವಭಾವ ನನಗಿಂತ ನಿಮಗೆ ಗೊತ್ತು, ಬಣ್ಣ ಕೂತ ಮೇಲಿನ ಕ್ರಮ ಬೇರೆ ಇರಬಹುದು ಎಂದುಕೊಂಡೆ. ಬಿಸಿಲಿನಲ್ಲೇ ನಿಲ್ಲಿಸಿದೆ. ಸಾಕ್ಷಿಯನ್ನು ಬಳಿಯಲು ಮಗಳು ಬಿಡಲಿಲ್ಲ, “ಅದು ತಾತಂದು” ಎಂದು ಕೈ ಅಡ್ಡ ಇಟ್ಟಳು. ಕೈ ಸರಿಸಿ ಬಳಿದೆ.

ಅವಳಿಗೆ ಏಪ್ರಿಲ್ 14ರಿಂದ ಶಾಲೆಗೆ ರಜೆ. ಅಂದು ಬೆಳಿಗ್ಗೆ ಹೊರಟು ಹೆದ್ದಾರಿಯಲ್ಲೇ ಬಂದರೆ ಸಂಜೆಯೊಳಗೆ ನಿಮ್ಮನ್ನು ತಲುಪುತ್ತೇವೆ. ಅವಳು ಮುಂದಿನ ಸೀಟೇ ಬೇಕೆಂದು ಹಟ ಹಿಡಿದಿದ್ದಾಳೆ. ಕಾರು ಚೆನ್ನಾಗಿದೆಯೆಂದು ನೀವೇ ಬರೆದ ಮೇಲೆ ಇಲ್ಲವೆನ್ನಲು ಮನಸ್ಸಾಗಲಿಲ್ಲ.

ನಿಮ್ಮ ವಿಧೇಯ ಮಗಳು


ಏಪ್ರಿಲ್ 5

ಮಗಳೇ,

ಕಾರನ್ನು ನಿಲ್ಲಿಸು. ಈ ಪತ್ರ ಓದುತ್ತಿರುವ ಗಳಿಗೆಯಿಂದ ಅದನ್ನು ಅಂಗಳದಿಂದ ಹೊರಗೂ ತೆಗೆಯಬೇಡ. ಮಗುವನ್ನು ಅದರೊಳಗೆ ಕೂರಿಸಬೇಡ.

ಕ್ಷೌರದಂಗಡಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನನ್ನ ಚೀಟಿಯಲ್ಲಿ ‘ಕ್ಷೌರಕ್ಕೆ, ಒಂದು ಗಂಟೆ’ ಎಂದಿದೆ. ಕಾವಲುಗಾರ ಹಿಂದಿರುಗುವಾಗ ತಲೆ ನೋಡುತ್ತಾನೆ, ಆದ್ದರಿಂದ ಬರೆದು ಮುಗಿಸಿ ಕೂದಲನ್ನೂ ಕತ್ತರಿಸಿಕೊಳ್ಳಬೇಕು. ಅಂಗಡಿಯವನು “ಬರೀರಿ ಯಜಮಾನ್ರೇ, ಕೂದಲು ಎಲ್ಲೂ ಓಡಿಹೋಗಲ್ಲ” ಎಂದಿದ್ದಾನೆ.

ನವೆಂಬರಿನಲ್ಲಿ ಆ ನೀಲಿ ಕಾರು ಬೇರೊಂದು ಗಾಡಿಯ ಹಿಂದೆ ಎಳೆಸಿಕೊಂಡು ಬಂತು. ಮುಂಭಾಗ ಒಳಕ್ಕೆ ಮಡಚಿತ್ತು. ಒಳಗಿದ್ದವರ ಗತಿ ಏನಾಯಿತೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಂಪರಿನ ಹಿಂದೆ ಏಟು ತಡೆಯಲು ಒಂದು ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ಅದು ಬಾಗಿ ಸೀಳಿತ್ತು. ಬದಲಿಸಬೇಕಾದದ್ದನ್ನು ಸುತ್ತಿಗೆಯಿಂದ ಬಡಿದು, ಸೀಳಿಗೆ ಬೆಸುಗೆ ಹಾಕಿಸಿದರು. ಸ್ಟಿಯರಿಂಗಿನೊಳಗಿನ, ಮುಂದಿನ ಸೀಟಿನೆದುರಿನ ಏರ್‌ಬ್ಯಾಗುಗಳು ಒಡೆದಿದ್ದವು. ಕತ್ತರಿಸಿ ತೆಗೆದು ಮುಚ್ಚಳ ಅಂಟಿಸಿದರು. ಅಲ್ಲಿ ಈಗ ಏನೂ ಇಲ್ಲ. ಎಚ್ಚರಿಸುವ ದೀಪದ ತಂತಿಯನ್ನೂ ಕತ್ತರಿಸಿದ್ದಾರೆ. ಮುಂದಿನ ಬಂಪರು ಗುಜರಿಗೆ ಬಂದ ಇನ್ನೊಂದು ಕಾರಿನದು. ನಿನ್ನ ಮಗಳು ಕಂಡದ್ದು ಅದನ್ನೇ. ಅದರ ಕಪ್ಪಿಗೆ ಉಳಿದ ಬೂದಿಯನ್ನು ಹೊಂದಿಸಿ, ಯಾರಿಗೂ ಗೊತ್ತಾಗದಂತೆ ಎಣ್ಣೆ ಬಳಿದವನು ನಾನು. ಸಹಿ ಹಾಕಿದವನೂ ನಾನು. ನನಗೆ ಗೊತ್ತಿತ್ತು.

ಮಾರ್ಚ್ 12ರ ನಿನ್ನ ಪತ್ರ ನನಗೆ ತಲುಪಿದಾಗ ಅದರ ಲಕೋಟೆಯನ್ನು ಆಗಲೇ ಯಾರೋ ಒಡೆದಿದ್ದರು. ಯಜಮಾನರು ಕಚೇರಿಗೆ ಕರೆದು ಎದುರಿಗೆ ಕೂರಿಸಿಕೊಂಡರು. ಬೈಯಲಿಲ್ಲ. ಕಾಫಿ ತರಿಸಿದರು. “ಪಾಪ, ಮಗಳು ಹೆದರಿಕೊಂಡಿದ್ದಾಳೆ. ಕಾರು ಚೆನ್ನಾಗಿದೆ ಅಂತ ಬರೀರಿ, ನೆಮ್ಮದಿಯಾಗಿರ್ತಾಳೆ. ಪೇಪರ್ ಮೇಲೆಲ್ಲ ನಿಮ್ಮ ಸಹಿನೇ ಇರೋದು ಮಸಿಯಪ್ಪ, ನಂದಲ್ಲ. ನಿಮ್ಮ ಯೋಚನೆ ನನಗೆ” ಎಂದರು. ಅವರು ನೋಡುತ್ತಿದ್ದಂತೆಯೇ ಬರೆದೆ. ಬರೆಯುವಾಗ ಒಂದು ಉಪಾಯ ಹೊಳೆಯಿತು. ಎಣ್ಣೆ ಹಚ್ಚು, ಬಿಸಿಲಿನಲ್ಲಿ ಹಚ್ಚು, ಸಾಕ್ಷಿಯನ್ನು ಬಳಿದುಬಿಡು ಎಂದು ಸೇರಿಸಿದೆ. ನಾನು ಸತ್ತರೂ ಹೇಳದ ಮಾತುಗಳು ಅವು. ಅವನ್ನು ಓದಿದ ಕೂಡಲೇ ಈ ಪತ್ರ ಅಪ್ಪನ ಮನಸ್ಸಿನದಲ್ಲ ಎಂದು ನಿನಗೆ ತಿಳಿಯುತ್ತದೆ ಎಂದು ನಂಬಿದೆ. ನೀನು ಚಿಕ್ಕಂದಿನಲ್ಲಿ ಬ್ರಷ್ಷು ಹಿಡಿದಾಗಿನಿಂದ ನನ್ನ ಕೆಲಸದ ಮಾತಿಗೆ ಎದುರಾಡಿದವಳಲ್ಲ ಎಂಬುದನ್ನು ಮರೆತೆ. ನಾನು ಬಿಟ್ಟ ಸಾಕ್ಷಿಯನ್ನು ನೀನು ಅಪ್ಪಣೆಯೆಂದು ಓದಿದೆ.

ಮೆಕ್ಯಾನಿಕ್ಕನಿಂದ ಮುಂದಿನ ಬಂಪರು ಬಿಚ್ಚಿಸು. ಒಳಮೈಯಲ್ಲಿ ಬಿಳಿ ಪೆನ್ಸಿಲಿನಿಂದ ಬರೆದಿದ್ದೇನೆ. ಇಂಥ ಎಲ್ಲ ಕಾರುಗಳಲ್ಲೂ ಬರೆದಿದ್ದೇನೆ. ಯಾರೂ ಓದದ ಜಾಗದಲ್ಲಿ ನಿಜ ಬರೆದು ಮುಚ್ಚಿ, ಮೇಲೆ ಸುಳ್ಳಿಗೆ ಸಹಿ ಹಾಕಿ, ಲೆಕ್ಕ ಸರಿಹೋಯಿತೆಂದು ಮಲಗುತ್ತಿದ್ದೆ.

ಇನ್ನು ಮುಂದೆ ಯಾರ್ಡಿಗೆ ಬರೆಯಬೇಡ. ಟಿಂಕರನ ಮನೆಯ ವಿಳಾಸ ಹಿಂಬದಿಯಲ್ಲಿದೆ. ಈ ಪತ್ರವನ್ನು ಯಾರಿಗೆ ಬೇಕಾದರೂ ತೋರಿಸು, ಸಹಿ ನನ್ನದೇ. ಇದು ಹದಿನಾಲ್ಕರೊಳಗೆ ತಲುಪುತ್ತದೆಯೋ ಇಲ್ಲವೋ ತಿಳಿಯದೆ ಒಂಬತ್ತು ದಿನ ಶೆಡ್ಡಿನಲ್ಲಿ ಕಳೆಯಬೇಕು. ಅಂಗಡಿಯವನು ಕುರ್ಚಿಗೆ ಕರೆಯುತ್ತಿದ್ದಾನೆ.

ಅಪ್ಪ


ಏಪ್ರಿಲ್ 15

ಅಪ್ಪ,

ನಿಮ್ಮ ಪತ್ರ ಹದಿಮೂರನೆಯ ತಾರೀಖು ಮಧ್ಯಾಹ್ನ ಬಂತು. ಕಾರು ಎಣ್ಣೆ ಹಚ್ಚಿಸಿಕೊಂಡು ಬಾಗಿಲಲ್ಲಿ ನಿಂತಿತ್ತು. ಮಗಳ ಚೀಲ ಮುಂದಿನ ಸೀಟಿನ ಮೇಲಿತ್ತು. ಅದನ್ನು ಇಳಿಸಿಕೊಂಡೆ.

ಮೆಕ್ಯಾನಿಕ್ಕನು ಬಂಪರು ಬಿಚ್ಚಿ ಕವುಚಿಹಾಕಿ, ಎದ್ದು ನಿಂತು ಗಟ್ಟಿಯಾಗಿ ಓದಿದ: ‘ಅಡ್ಡಪಟ್ಟಿ ಸೀಳಿದೆ. ಏರ್‌ಬ್ಯಾಗ್ ಇಲ್ಲ. ಇದನ್ನು ಓದುವವರು ಈ ಕಾರನ್ನು ಓಡಿಸಬಾರದು.’ ಕೆಳಗೆ ತಾರೀಖು, ನಿಮ್ಮ ಸಹಿ, ಎರಡು ಚುಕ್ಕೆ. “ಇದನ್ನ ಬರೆದೋನಿಗೆ ತಲೆ ಕೆಟ್ಟಿರ್ಬೇಕು ಅಕ್ಕ. ಒಳಗಡೆ ಬರೆದ್ರೆ ಯಾರಿಗೆ ಕಾಣುತ್ತೆ?” ಎಂದ. ನಮ್ಮಪ್ಪ ಎಂದೆ. ಅವನು ಮತ್ತೆ ಕುಕ್ಕರುಗಾಲಲ್ಲಿ ಕುಳಿತು, ಸ್ವಲ್ಪ ಹೊತ್ತು ಒಂದೇ ಬೋಲ್ಟನ್ನು ಒರೆಸಿದ. ಬೆಸುಗೆಯನ್ನು ಅವನು ಸ್ಪ್ಯಾನರಿನಿಂದ ಒಂದು ಸಲ ತಟ್ಟಿದ್ದಕ್ಕೆ ಬಿಟ್ಟುಕೊಂಡಿತು.

ಮಾರ್ಚ್ ಕೊನೆಯಿಂದ ಏಪ್ರಿಲ್ ಹದಿಮೂರರವರೆಗೆ ನಾನು ಮೊದಲಿಗಿಂತ ಜೋರಾಗಿ ಓಡಿಸಿದ್ದೇನೆ, ನಿಶ್ಚಿಂತೆಯಿಂದ. ನೀವು ಕೊಟ್ಟ ನಿಶ್ಚಿಂತೆ ಅದು. ಎರಡು ಸಲ ಮಗಳನ್ನು ಮುಂದೆ ಕೂರಿಸಿಕೊಂಡು ಸೇತುವೆಯವರೆಗೆ ಹೋಗಿ ಬಂದೆ. ಇದನ್ನು ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ಸರಿಯಾಗಿ ದಾಖಲಾಗಲಿ ಎಂದು ಬರೆಯುತ್ತಿದ್ದೇನೆ.

ನಾವು ಬರುತ್ತಿಲ್ಲ. ನಾನೀಗ ಮತ್ತೆ ಬಸ್ಸಿನಲ್ಲಿ ಆರು ಮನೆಗಳಿಗೆ ಹೋಗುತ್ತೇನೆ.

‘ಇಂಥ ಎಲ್ಲ ಕಾರುಗಳಲ್ಲೂ’ ಎಂದು ಬರೆದಿದ್ದೀರಿ. ಎಷ್ಟು? ಅವುಗಳಲ್ಲಿ ಈಗ ಯಾರು ಯಾರನ್ನು ಮುಂದೆ ಕೂರಿಸಿಕೊಂಡು ಹೋಗುತ್ತಿದ್ದಾರೆ? ನೆನಪಿರುವಷ್ಟನ್ನು ಬರೆದು ಕೊಡಬೇಕಾದ ಕಡೆ ಕೊಡಿ. ಅದಾದ ಮೇಲೆ ನನಗೆ ಬರೆಯಿರಿ. ನನ್ನ ಎರಡನೆಯ ಪ್ರಶ್ನೆಯನ್ನು ಬಿಟ್ಟಿದ್ದೇನೆ ಎಂದಿದ್ದೆ. ಬಿಟ್ಟಿಲ್ಲ.

ಮಗಳು


ಮೇ 9

ಮಗಳೇ,

ಇಪ್ಪತ್ತಾರು. ನಾಲ್ಕು ಕಾರುಗಳ ನಂಬರು ಪೂರ್ತಿ ನೆನಪಾಗಲಿಲ್ಲ; ಬಣ್ಣ, ತಿಂಗಳು, ಪ್ಲಾಸ್ಟಿಕ್ಕಿನ ಗುರುತು ಬರೆದಿದ್ದೇನೆ.

ಮತ್ತೊಮ್ಮೆ ಕ್ಷೌರಕ್ಕೆಂದು ಚೀಟಿ ಕೇಳಲು ತಲೆಯಲ್ಲಿ ಕೂದಲಿರಲಿಲ್ಲ. ಚೀಟಿಯಿಲ್ಲದೆಯೇ ಗೇಟಿಗೆ ಹೋದೆ. “ಚೀಟಿ?” ಎಂದ ಕಾವಲುಗಾರ. ಇಲ್ಲ ಎಂದೆ. “ವಾಪಸ್ ಎಷ್ಟೊತ್ತಿಗೆ?” ಎಂದ. ಬರುವುದಿಲ್ಲ ಎಂದೆ. ಅವನು ನನ್ನನ್ನೇ ನೋಡಿ, “ಹಾಗಾದ್ರೆ ಚೀಟಿ ಬೇಕಿಲ್ಲ ಬಿಡಿ, ಅದು ವಾಪಸ್ ಬರೋರಿಗೆ” ಎಂದು ಪಕ್ಕಕ್ಕೆ ಸರಿದ. ಅಗುಳಿ ನಮ್ಮ ಕಡೆಗೇ ಇತ್ತು. ಇಪ್ಪತ್ತಮೂರು ವರ್ಷ ಅದನ್ನು ತೆಗೆದದ್ದು ಅವನು, ನಾನು ಮುಟ್ಟಿ ನೋಡಿರಲಿಲ್ಲ. ಬಹಳ ಸಡಿಲವಾಗಿತ್ತು.

ಠಾಣೆಯ ಅಧಿಕಾರಿ ಪಟ್ಟಿಯನ್ನು ಎರಡು ಸಲ ಓದಿದರು. “ಎಲ್ಲದರ ಮೇಲೂ ಸಹಿ ನಿಮ್ಮದೇ. ಅಂದ್ರೆ ನಿಮ್ಮ ಮೇಲೆ ನೀವೇ ದೂರು ಕೊಡ್ತಾ ಇದ್ದೀರಿ. ಮನೇಲಿ ಯಾರಿಗಾದ್ರೂ ಹೇಳಿ ಬಂದಿದ್ದೀರಾ?” ಎಂದು ಕೇಳಿದರು. ಮಗಳು ಹೇಳಿದ್ದಕ್ಕೇ ಬಂದೆ ಎಂದೆ. ಈವರೆಗೆ ಹನ್ನೊಂದು ಕಾರುಗಳ ಮಾಲೀಕರು ಸಿಕ್ಕಿದ್ದಾರೆ. ಒಬ್ಬರು ತಡವಾಯಿತು ಎಂದರಂತೆ. ಅದಕ್ಕಿಂತ ಹೆಚ್ಚನ್ನು ಅಧಿಕಾರಿ ನನಗೆ ಹೇಳಲಿಲ್ಲ. ಯಜಮಾನರು ವಕೀಲರನ್ನಿಟ್ಟಿದ್ದಾರೆ, ತಮಗೇನೂ ಗೊತ್ತಿರಲಿಲ್ಲ, ತಪಾಸಣೆಯೆಲ್ಲ ನನ್ನದು ಎಂದಿದ್ದಾರೆ. ವಿಚಾರಣೆ ಮುಗಿಯುವವರೆಗೆ ನಾನು ಊರು ಬಿಡುವಂತಿಲ್ಲ. ಟಿಂಕರನ ಮನೆಯ ಮಾಳಿಗೆಯ ಕೋಣೆಯಲ್ಲಿದ್ದೇನೆ. ಅವನ ಹೆಸರನ್ನೂ ಪಟ್ಟಿಯಲ್ಲಿ ಬರೆದಿದ್ದೇನೆ, ಅವನಿಗೆ ಹೇಳಿಯೇ ಬರೆದೆ. “ಬಾಡಿಗೆಗೆ ಒಳ್ಳೆ ಗಿರಾಕಿ ಸಿಕ್ಕಿದ್ರಿ” ಎಂದ. ಊಟಕ್ಕೆ ಮಾತ್ರ ಕರೆಯುವುದನ್ನು ಬಿಟ್ಟಿಲ್ಲ.

ಈ ಕೋಣೆಯ ಕಿಟಕಿಯಿಂದ ಯಾರ್ಡು ಕಾಣುತ್ತದೆ. ಗೇಟಿಗೆ ಮೊಹರು ಹಾಕಿದ್ದಾರೆ. ಮಾರದೆ ಉಳಿದ ಕಾರುಗಳು ಬಿಸಿಲಿನಲ್ಲಿ ನಿಂತಿವೆ. ಎಣ್ಣೆ ಆರುತ್ತಿದೆ. ದಿನಕ್ಕೊಂದು ಬಂಪರು, ಒಂದು ಪಟ್ಟಿ ಬೂದಿಗೆ ತಿರುಗುತ್ತಿದೆ. ಒಂದೊಂದೇ ಕಾರು ತನ್ನ ನಿಜವಾದ ವಯಸ್ಸಿಗೆ ಬರುತ್ತಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನು ನೋಡುವುದು ಬಿಟ್ಟರೆ ನನಗೆ ಬೇರೆ ಕೆಲಸವಿಲ್ಲ.

ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ: ಹೌದು, ಗೊತ್ತಿತ್ತು.

ಮೂರನೆಯ ಫೋನಿನಲ್ಲಿ ಪಕ್ಕದ ಮನೆಯಾಕೆ, “ಉಸಿರು ಬೇರೆ ಥರ ಆಗ್ತಿದೆ, ಬೇಗ ಬನ್ನಿ” ಎಂದರು. ಅದರ ಅರ್ಥ ನನಗಾಯಿತು. ಯಜಮಾನರು ಪಕ್ಕದಲ್ಲೇ ಇದ್ದರು. ಅವರು ತಡೆಯಲಿಲ್ಲ. “ಹೋಗಿ ಮಸಿಯಪ್ಪ, ಕಾರು ನಾಳೆ ಆಗುತ್ತೆ” ಎಂದರು. ಅಂದಿನಿಂದ ಇಂದಿನವರೆಗೆ ಅವರು ಬಿಡಲಿಲ್ಲವೆಂದು ಎಲ್ಲರೂ ಹೇಳುವಾಗ ನಾನು ಸುಮ್ಮನಿದ್ದೆ. ಆ ಸುಳ್ಳಿನೊಳಗೆ ಇರಲು ಜಾಗವಿತ್ತು. ಯಾರ್ಡಿನಿಂದ ಎದ್ದು ಹೋಗಲಾರದವನೆಂದು ತೋರಿಸಿಕೊಳ್ಳಲು ಆರು ವರ್ಷ ಅಲ್ಲಿಂದ ಎದ್ದು ಹೋಗದೆ ಉಳಿದೆ.

ನಿನ್ನ ತಾಯಿಯ ಮುಖ ಬಿಳಿಚುತ್ತಾ ಹೋಗುವುದನ್ನು ಕೂತು ನೋಡಲು ನನಗೆ ಭಯವಾಯಿತು. ಶೆಡ್ಡಿನಲ್ಲಿ ಎರಡು ಕಾರುಗಳಿದ್ದವು. ಬಟ್ಟೆಯಲ್ಲಿ ಒರೆಸಿದರೆ ಕೈಯ ಕೆಳಗೇ ಕಪ್ಪಾಗುತ್ತಿದ್ದವು. ಎರಡನ್ನೂ ಚೆನ್ನಾಗಿ ಮಾಡಿದೆ. ಸಾಕ್ಷಿ ಬಿಡುವುದನ್ನು ಅಂದು ಮರೆತೆ.

ಅಪ್ಪ